ಹಾಯಿಹಡಗಿನ ನೋಟು

ತಾಳೆಮರಗಳ ದಂಡೆಯತ್ತ ಬರುತ್ತಿರುವ ಒಂದು ಹಾಯಿಹಡಗು. ಅದರ ಮೇಲೆ ಓರೆಯಾಗಿ, ಕೆಂಪು ಅಕ್ಷರಗಳಲ್ಲಿ, 'ಮಾದರಿ' ಎಂಬ ಮುದ್ರೆ. ಕ್ರಮಸಂಖ್ಯೆ ಇರಬೇಕಾದಲ್ಲಿ ಬರೀ ಸೊನ್ನೆಗಳು. ಸಹಿಯ ಮೇಲೆ ತೂತುಗಳು. ಪರದೇಶದ ದೊರೆಗಳು ಆಳಿ ಬಿಟ್ಟುಹೋದ ಯಾವುದೋ ದ್ವೀಪದ ಆ ನೋಟನ್ನು ಬೆಳಕಿಗೆ ಹಿಡಿದು ನೋಡುವಾಗ ನನ್ನ ಗಂಡ ಭುಜಂಗರಾಯರು ಉಸಿರು ಬಿಗಿಹಿಡಿಯುತ್ತಿದ್ದರು.

"ಇದು ಚಲಾವಣೆಗಲ್ಲ ಕಣೇ. ಅಸಲಿ ನೋಟು ಹೇಗಿರತ್ತೆ ಅಂತ ಬ್ಯಾಂಕಿನವರಿಗೆ ತೋರಿಸೋಕೆ ಕಳಿಸ್ತಿದ್ದ ನಮೂನೆ. ಉಳಿದಿರೋದೇ ಅಪರೂಪ," ಎನ್ನುತ್ತಿದ್ದರು. ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ ಅವರು ಜಿರಳೆಯನ್ನೂ ಕೊಲ್ಲದೆ ಕಾಗದದಲ್ಲಿ ಎತ್ತಿ ಹೊರಗೆ ಬಿಡುವ ಮನುಷ್ಯ.

ವಾಚನಾಲಯದವರು ಒತ್ತಾಯ ಮಾಡಿ ಅವರ ಸಂಗ್ರಹದ ಪ್ರದರ್ಶನ ಇಟ್ಟರು. ಮೇಷ್ಟ್ರ ಮನೆಯಲ್ಲಿ ಪರದೇಶದ ದುಡ್ಡಿದೆ ಎಂಬ ಮಾತು ಊರೆಲ್ಲ ಹಬ್ಬಿತು. ಅದಾದ ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ, ಕುಡಿಯಲು ನೀರು ಕೇಳುವ ನೆಪದಲ್ಲಿ ಇಬ್ಬರು ಒಳನುಗ್ಗಿದರು.

ದಪ್ಪಗಿದ್ದವನು ನನ್ನ ಜಡೆ ಹಿಡಿದೆಳೆದು ಕುತ್ತಿಗೆಗೆ ಚಾಕು ಒತ್ತಿದ. ತೆಳ್ಳಗಿನವನು ಕಪಾಟು ಒಡೆದು ನೋಟುಗಳ ಆಲ್ಬಮ್ಮನ್ನು ಮೇಜಿನ ಮೇಲೆ ಕೊಡವಿದ.

"ಎಲ್ಲಾ ತೂತು ಬಿದ್ದಿರೋ ಕಾಗದ! ನಿಜವಾದ ದುಡ್ಡು ಎಲ್ಲಿಟ್ಟಿದ್ದೀಯೋ?"

"ಇಷ್ಟೇ ಇರೋದಪ್ಪ, ಬೇರೆ ಏನೂ ಇಲ್ಲ," ಎಂದರು ರಾಯರು, ಕುರ್ಚಿಯಲ್ಲಿ ಕೂತಲ್ಲಿಂದಲೇ. ಅವನು ಅವರ ಬಾಯಿಗೆ ಗುದ್ದಿದ. ತುಟಿ ಹರಿದು ರಕ್ತ ಅಂಗಿಗೆ ಇಳಿಯಿತು. ಇತ್ತ ಚಾಕು ನನ್ನ ಚರ್ಮ ಸೀಳಿತು. "ರೀ!" ಎಂದು ಚೀರಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅಲುಗಲಿಲ್ಲ.

ತೆಳ್ಳಗಿನವನು ಕಡ್ಡಿ ಗೀರಿದ. ಹಡಗಿನ ಹಾಯಿಗೆ ಬೆಂಕಿ ಹತ್ತಿತು.

ಆಮೇಲಿನದು ನನಗೆ ಮೊದಲು ಸದ್ದುಗಳಾಗಿ ನೆನಪಾಗುತ್ತದೆ. ಕುರ್ಚಿ ಉರುಳಿದ್ದು. ಹಾಳೆಗಳ ಮೇಲೆ ಭಾರಕ್ಕೆಂದು ಇಟ್ಟಿದ್ದ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಅವನ ತಲೆಗೆ ಬಡಿದದ್ದು, ಅವನು ನೆಲಕ್ಕೊರಗಿದ ಮೇಲೂ ಬಡಿಯುತ್ತಲೇ ಇದ್ದದ್ದು. "ಅಮ್ಮಾ" ಎಂದವನು ಅವನೋ, ಅಂದವಳು ನಾನೋ, ತಿಳಿಯದು. ಚಾಕು ಬಿಸಾಡಿ ಇನ್ನೊಬ್ಬ ಓಡಿಹೋದ. ನಾನು ತೋಳು ಹಿಡಿದು ಜಗ್ಗಿದರೂ ರಾಯರು ನಿಲ್ಲಿಸಲಿಲ್ಲ. ಕೊನೆಗೆ ಇಸ್ತ್ರಿಪೆಟ್ಟಿಗೆ ಬಿಟ್ಟು, ಮೊಣಕಾಲೂರಿ, ನೆಲದಲ್ಲಿ ಹೊಗೆಯಾಡುತ್ತಿದ್ದ ಆ ನೋಟಿನ ಚೂರನ್ನು ಬರಿಯ ಅಂಗೈಗಳಿಂದ ಒತ್ತಿ ಆರಿಸತೊಡಗಿದರು. ಸತ್ತವನ ಮುಖದಲ್ಲಿ ಮುಖವೆನ್ನುವಂಥದ್ದು ಉಳಿದಿರಲಿಲ್ಲ.

ಪೊಲೀಸರು ಬಂದರು, ಹೆಣ ಸಾಗಿಸಿದರು, ರಾಯರಿಗೆ ಬೆಳಿಗ್ಗೆ ಠಾಣೆಗೆ ಬರಲು ಹೇಳಿ ಹೋದರು. ನೆರೆಮನೆಯ ಸುಗುಣಮ್ಮ ನನ್ನ ಕುತ್ತಿಗೆಗೆ ಅರಿಸಿನ ಮೆತ್ತುತ್ತಾ, "ಹೆಂಡ್ತಿಗೋಸ್ಕರ ಇಷ್ಟು ಮಾಡೋ ಗಂಡ ಯಾರಿಗೆ ಸಿಗ್ತಾನೆ? ಪುಣ್ಯವಂತೆ ನೀನು," ಎಂದಳು. ಬಾಗಿಲಲ್ಲಿ ನಿಂತವರೆಲ್ಲ ಹೌದೆಂದರು. ನಾನೂ ತಲೆಯಾಡಿಸಿದೆ.

ಸಂಜೆ ಅವರಿಗೆ ಸ್ನಾನ ಮಾಡಿಸಲು ನಾನೇ ಬಚ್ಚಲಿಗೆ ಹೋಗಬೇಕಾಯಿತು. ಸುಟ್ಟ ಅಂಗೈಗಳಿಗೆ ಪಟ್ಟಿ ಕಟ್ಟಿತ್ತು.

"ಚಾಕು ನನ್ನ ಕುತ್ತಿಗೆ ಮೇಲಿದ್ದಾಗ ಯಾಕ್ರೀ ಸುಮ್ನೆ ಕೂತಿದ್ರಿ?"

"ಅಲುಗಿದ್ರೆ ಕುಯ್ದೇಬಿಡ್ತಾನೆ ಅಂತ ಭಯ ಆಯ್ತು."

"ನೋಟು ಉರಿದಾಗ್ಲೂ ಚಾಕು ಅಲ್ಲೇ ಇತ್ತಲ್ಲ?"

ಅವರು ಪಟ್ಟಿ ಕಟ್ಟಿದ ಕೈಗಳನ್ನು ನೀರು ತಾಕದಂತೆ ಮೇಲೆತ್ತಿ ಹಿಡಿದರು. "ಆಗ ಅದು ನೆನಪಿಗೇ ಬರ್ಲಿಲ್ಲ," ಎಂದರು. ಸುಳ್ಳು ಹೇಳಲು ಅವರಿಗೆ ಎಂದೂ ಬರುತ್ತಿರಲಿಲ್ಲ.

ಅವರ ಕಿವಿಯ ಹಿಂದೆ, ಕತ್ತಿನ ಸುಕ್ಕುಗಳಲ್ಲಿ ರಕ್ತ ಒಣಗಿ ಕೂತಿತ್ತು. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತೋಡಿ ಸುರಿದೆ, ಬೆರಳಿನಿಂದ ಉಜ್ಜಿದೆ, ಮತ್ತೆ ಸುರಿದೆ. ತೆಳುಗೆಂಪಾದ ನೀರು ಕಲ್ಲಿನ ಮೇಲೆ ಹರಿದು ಬಂದು, ನನ್ನ ಪಾದಗಳನ್ನು ಬಳಸಿಕೊಂಡು, ಸದ್ದಿಲ್ಲದೆ ಹೊರಗೆ ಹೋಯಿತು.