ಗಾಡಿಗೆ ಶುಕ್ರವಾರದ ಸ್ನಾನ

ನನ್ನ ಹೆಂಡತಿ ರಾಜೀವಿ ತೀರಿಕೊಂಡ ಮೇಲೆ ಅವಳ ಪಿಕಪ್ ಗಾಡಿ ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಮನೆಯ ಅಂಗಳದಲ್ಲಿ ಒಂದು ವರ್ಷ ನಿಂತೇ ಇತ್ತು. ಯಾರೋ ಮೀನು ಸಾಗಿಸಿ, ಸಾಕಾಗಿ ಮಾರಿದ ಹಳೆಯ ಡೀಸೆಲ್ ಗಾಡಿ ಅದು. ವಾಸನೆ ಹೋಗುವ ತನಕ ಸೀಗೆಪುಡಿ ಹಾಕಿ ತಿಕ್ಕಿ, ತಾನೇ ಓಡಿಸಿಕೊಂಡು, ಕೊಚ್ಚಿಯಿಂದ ತಿರುವನಂತಪುರದವರೆಗೆ ಕನ್ನಡದವರ ಸಮಾರಂಭಗಳಿಗೆಲ್ಲ ಅವಳು ಅಡುಗೆ ಮಾಡಿದಳು. ನಾನು ಬ್ಯಾಂಕಿನಲ್ಲಿ ಕುಳಿತು ದುಡಿದವನು. ಜನ ನನ್ನನ್ನು ಗುರುತಿಸುತ್ತಿದ್ದುದು ರಾಜೀವಿಯಕ್ಕನ ಯಜಮಾನರು ಎಂದು. ಅದು ನನಗೆ ಹೆಮ್ಮೆಯ ಮಾತಾಗಿತ್ತು.

ವರ್ಷಾಂತಿಕ ಮುಗಿಯುವವರೆಗೆ ಆ ಗಾಡಿಯನ್ನು ಯಾರೂ ಚಾಲೂ ಮಾಡಬಾರದೆಂದು ಹೇಳಿದ್ದೆ. ಆದರೆ ಪ್ರತಿ ಶುಕ್ರವಾರ ಅದಕ್ಕೆ ಸ್ನಾನ ಮಾಡಿಸಿ, ಕುಂಕುಮ ಹಚ್ಚಿ, ಗಾಜಿನ ಮುಂದೆ ದಾಸವಾಳ ಇಡುತ್ತಿದ್ದೆ. ರಾಜೀವಿ ಇದ್ದಾಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ದೇವರಿಗೆ ಅಭಿಷೇಕ ಮಾಡಿ ರೂಢಿಯಾದ ನನಗೆ ಒರೆಸಿದರೆ ಸಾಲದೆನಿಸಿ, ಚೊಂಬಿನಿಂದ ಮೇಲಿನಿಂದ ನೀರು ಸುರಿಯುತ್ತಿದ್ದೆ.

ಈ ಯುಗಾದಿಗೆ ತಿರುವನಂತಪುರದ ಕನ್ನಡ ಬಳಗದ ಊಟ ಮಾಡಿಕೊಡುವುದಾಗಿ ಮಗಳು ಅಪೂರ್ವಾ ಒಪ್ಪಿಕೊಂಡಳು. ಅದು ವರ್ಷ ವರ್ಷವೂ ರಾಜೀವಿಯದೇ ಊಟ. ಬಳಗದ ಕಾರ್ಯದರ್ಶಿ ಕಾಶೀನಾಥರು ಧಾರವಾಡದ ಕಡೆಯವರು. ಅವರಿಗೆ ನಂಬಿಕೆ ಬರಲಿಲ್ಲ, ಶನಿವಾರ ನನಗೆ ಫೋನು ಮಾಡಿದರು.

"ಉಪೇಂದ್ರಣ್ಣಾರ, ನಾಳೆ ದೀಪಾ ಹಚ್ಚೂ ಹೊತ್ತಿಗೆ ಪಾತ್ರಿ ಪಟ್ಟಂನ ನಮ್ಮ ಸಭಾಂಗಣಕ್ಕ ಬಂದಿರಬೇಕ್ರಿ. ಬರ್ಲಿಲ್ಲಂದ್ರ ನಾ ಹೋಟೆಲ್‌ನಾವ್ರಿಗೆ ಹೇಳಿಬಿಡತೇನಿ. ಹುಡುಗಿ ಆಫೀಸಿನಾಕಿ ಅದಾಳ, ಅದಕ್ಕ ಅಂದೆ."

ಒಮ್ಮೆ ಹೋಟೆಲಿನವರು ಒಳಗೆ ಬಂದರೆ ರಾಜೀವಿಯ ಅಡುಗೆಯ ಹೆಸರು ಅಲ್ಲಿಗೆ ಮುಗಿಯಿತೆಂದು ನಾವಿಬ್ಬರೂ ಬಲ್ಲೆವು.

ಅಪೂರ್ವಾ ಹೊಸ ಬ್ಯಾಟರಿ ಹಾಕಿಸಿದಳು, ಟ್ಯಾಂಕ್ ತುಂಬಾ ಡೀಸೆಲ್ ತುಂಬಿಸಿದಳು. ಮರುದಿನ ಬೆಳಿಗ್ಗೆ ಕೊಪ್ಪರಿಗೆ, ತೆಂಗಿನಕಾಯಿ, ಅಕ್ಕಿ ಚೀಲಗಳನ್ನು ಹೇರಿಕೊಂಡು ಹೊರಟೆವು. ಆಲಪ್ಪುಳ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಹರಿಪ್ಪಾಡ್ ಹತ್ತಿರ ಎಳೆಯುವ ಶಕ್ತಿ ಕುಗ್ಗಿತು, ಜಗ್ಗಿ ಜಗ್ಗಿ ನಡೆಯಿತು, ಹಿಂದೆ ಬಿಳಿ ಹೊಗೆ ಉಗುಳಿ ಒಂದು ಟಯರ್ ಅಂಗಡಿಯ ಮುಂದೆ ನಿಂತೇಬಿಟ್ಟಿತು.

"ಎಂತ ಆಯ್ತು ಮಗಾ? ದೇವರೇ, ಹೊರಡುವಾಗ ಕಾಯಿ ಒಡೆದದ್ದು ಸರಿಯಾಗಿತ್ತಲ್ಲ?"

"ಒನ್ನು ಮಿಂಡಾದಿರಿಕ್ಕೂ ಅಪ್ಪಾ," ಎಂದಳು. ಸ್ವಲ್ಪ ಸುಮ್ಮನಿರಿ ಎಂದರ್ಥ. ಕೊಚ್ಚಿಯಲ್ಲೇ ಬೆಳೆದ ಅವಳಿಗೆ ಸಿಟ್ಟು ಬಂದರೆ ಮಲಯಾಳವೇ ಮೊದಲು ಬರುತ್ತದೆ.

ಟಯರ್ ಅಂಗಡಿಯ ಇಬ್ರಾಹಿಂ ಬಂದು ಬಗ್ಗಿ ನೋಡಿದ. "ಮೋಳೇ, ಪಂಪ್ ಪೋಯಿ," ಎಂದ. ಮಗಳೇ, ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪು ಹೋಗಿದೆ, ಗಾಡಿಯನ್ನು ಎರಡು ದಿನ ಇಲ್ಲೇ ಬಿಡಿ, ಸಾಮಾನಿಗೆ ಬೇರೆ ಗಾಡಿ ನೋಡಿಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟ. ಹಬ್ಬದ ಮುನ್ನಾದಿನ, ಅಲ್ಲದೆ ಭಾನುವಾರ. ಬೇರೆ ಗಾಡಿಗೆ ಎಲ್ಲಿ ಹೋಗುವುದು?

ಅಪೂರ್ವಾ ಒಪ್ಪಲಿಲ್ಲ. ಅಮ್ಮ ಗಾಡಿ ಬಿಚ್ಚಿ ಸರಿಮಾಡುವಾಗಲೆಲ್ಲ ಪಕ್ಕದಲ್ಲಿ ಕುಳಿತು ಕಲಿತವಳು ಅವಳು. ಬಿಸಿ ತೋರಿಸುವ ಮುಳ್ಳು ಅದರ ಜಾಗದಲ್ಲೇ ಇತ್ತು. ಕೀಲಿ ತಿರುಗಿಸಿದರೆ ಎಂಜಿನ್ ಜೋರಾಗಿಯೇ ಸುತ್ತುತ್ತಿತ್ತು, ಹಿಡಿಯುತ್ತಿರಲಿಲ್ಲ. ಗಾಳಿಯ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದಳು, ಅದೂ ಶುದ್ಧವಿತ್ತು. "ಇನ್ನು ಉಳಿದದ್ದು ಡೀಸೆಲ್ ಒಂದೇ, ಅಪ್ಪ. ಬೇಯದಿದ್ದರೆ ಮೊದಲು ಒಲೆ ನೋಡು, ಆಮೇಲೆ ಸೌದೆ ನೋಡು ಅಂತ ಅಮ್ಮ ಹೇಳ್ತಿದ್ದದ್ದು."

ಇಬ್ರಾಹಿಂ ಕೊಟ್ಟ ಖಾಲಿ ಬಾಟಲಿಯನ್ನು ಡೀಸೆಲ್ ಫಿಲ್ಟರಿನ ತಳಕ್ಕೆ ಹಿಡಿದು, ಅಲ್ಲಿಯ ತಿರುಪನ್ನು ಸಡಿಲಿಸಿದಳು. ಬಾಟಲಿ ಅರ್ಧ ತುಂಬಿತು. ಎತ್ತಿ ಹಿಡಿದಾಗ ನನಗೂ ಕಂಡಿತು. ಮೇಲೆ ಹಳದಿ ಡೀಸೆಲ್ ತೆಳುವಾಗಿ ತೇಲುತ್ತಿತ್ತು, ಕೆಳಗಿದ್ದದ್ದೆಲ್ಲ ನೀರು.

ಅವಳು ಟ್ಯಾಂಕಿನ ಮುಚ್ಚಳ ತೆಗೆದಳು. ಅದರ ರಬ್ಬರ್ ಬಳೆ ಒಣಗಿ ಸೀಳಿಹೋಗಿತ್ತು. ಮುಚ್ಚಳದ ಅಂಚಿಗೆ ಕುಂಕುಮ ಮೆತ್ತಿತ್ತು.

"ಅಪ್ಪ, ವರ್ಷ ಪೂರ್ತಿ ಅಭಿಷೇಕ ಮಾಡಿದ್ದೀರಿ. ತೀರ್ಥ ಎಲ್ಲ ಒಳಗೇ ಉಂಟು."

ಇಬ್ರಾಹಿಂಗೆ ಅದನ್ನು ಮಲಯಾಳದಲ್ಲಿ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಅವಳೂ ನಕ್ಕಳು. "ಸಾರೇ, ದೇವರು ನೀರು ಕುಡೀತಾನೆ, ಎಂಜಿನ್ ಕುಡಿಯಲ್ಲ," ಎಂದ ಮಲಯಾಳದಲ್ಲೇ. ನನಗೆ ನಾಚಿಕೆಯಾಯಿತು. ಆದರೂ ರಾಜೀವಿ ಹೋದ ಮೇಲೆ ಮಗಳು ನಗುವುದನ್ನು ಮೊದಲ ಸಲ ನೋಡಿ ನಾನೂ ನಕ್ಕೆ.

ಅವಳು ಗಾಡಿಯ ಕೆಳಗೆ ಮಲಗಿ, ಟ್ಯಾಂಕಿನ ತಳದ ಬೋಲ್ಟ್ ಸಡಿಲಿಸಿ, ಬರೀ ಡೀಸೆಲ್ ಬರುವ ತನಕ ನೀರನ್ನು ಬಕೆಟಿಗೆ ಇಳಿಸಿದಳು. ಸೀಟಿನ ಕೆಳಗೆ ರಾಜೀವಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹೊಸ ಫಿಲ್ಟರ್ ಇತ್ತು. ಅದನ್ನು ಕೂರಿಸಿದಳು. ಫಿಲ್ಟರಿನ ಮೇಲಿನ ಗುಂಡಿಯನ್ನು ಒತ್ತಿ ಒತ್ತಿ ಡೀಸೆಲ್ ತುಂಬಿಸಿ, ಒಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಗೆ ಬಿಟ್ಟಳು. ಮುಚ್ಚಳಕ್ಕೆ ಇಬ್ರಾಹಿಂ ಹಳೆಯ ಟ್ಯೂಬಿನಿಂದ ಒಂದು ರಬ್ಬರ್ ಬಳೆ ಕತ್ತರಿಸಿಕೊಟ್ಟ.

ಕೀಲಿ ತಿರುಗಿಸಿದಳು. ಗಾಡಿ ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಆ ಸದ್ದು ಕೇಳಿ ನನಗೆ ಅಳು ಬಂತು. ಸಂತೆಯಿಂದ ರಾಜೀವಿ ಮನೆಗೆ ಬರುತ್ತಿದ್ದಾಗ ಕೇಳುತ್ತಿದ್ದ ಸದ್ದೇ ಅದು. ಇಬ್ರಾಹಿಂ ಅಪೂರ್ವಾಳಿಗೆ ಒಂದು ಸಲಾಮು ಹೊಡೆದ.

ಪಟ್ಟಂ ಮುಟ್ಟುವಾಗ ಸಭಾಂಗಣದ ಬಾಗಿಲಲ್ಲಿ ಕಾಶೀನಾಥರು ಫೋನು ಹಿಡಿದು ನಿಂತಿದ್ದರು. ಒಳಗೆ ದೇವರ ಮುಂದೆ ಯಾರೋ ಬತ್ತಿ ಹೊಸೆಯುತ್ತಿದ್ದರು, ದೀಪ ಇನ್ನೂ ಹಚ್ಚಿರಲಿಲ್ಲ. ಗಾಡಿಯ ಸದ್ದು ಕೇಳಿ ಅವರು ಫೋನನ್ನು ಜೇಬಿಗೆ ಇಳಿಸಿದರು.

"ರಾಜೀವಿಯಕ್ಕನ ಗಾಡೀನ ಬಂತ್ ನೋಡ್ರಿ! ದಾರಿಯೊಳಗ ಏನರ ತೊಂದ್ರಿ ಆತೇನ್ರಿ?"

"ಏನಿಲ್ಲ, ಸ್ವಲ್ಪ ನೀರು ಕುಡಿದಿತ್ತು," ಎಂದಳು ಅಪೂರ್ವಾ. "ಒಲೆ ಎಲ್ಲುಂಟು, ತೋರಿಸಿ."

ಅವಳ ಕೈಗಳು ಮೊಣಕೈವರೆಗೆ ಡೀಸೆಲ್ ನಾರುತ್ತಿದ್ದವು. ರಾಜೀವಿಯ ಕೈಗಳೂ ಹೀಗೆಯೇ ನಾರುತ್ತಿದ್ದವು, ಅವಳು ಹುಣಸೆಹಣ್ಣು ಹಚ್ಚಿ ತೊಳೆದೇ ಅಕ್ಕಿ ಮುಟ್ಟುತ್ತಿದ್ದಳು. ನಾನು ಚೀಲ ಬಿಚ್ಚಿ ಒಂದು ಹಿಡಿ ಹುಣಸೆ ತೆಗೆದು ಮಗಳ ಅಂಗೈಗೆ ಇಟ್ಟೆ. ಅವಳು ತಿಕ್ಕಿದಳು. ಚೊಂಬಿನಿಂದ ನಾನು ನೀರು ಸುರಿದೆ.