ಬಿಸಿಲಿಗೆ ಹಿಡಿಯದ ಬಣ್ಣ

ನನ್ನ ಗಂಡ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು ಹೇಗೆ ಅಂತ ದೊಡ್ಡಬಳ್ಳಾಪುರದಲ್ಲಿ ನಾಲ್ಕು ಬಗೆಯ ಕಥೆಗಳು ಓಡಾಡುತ್ತಿವೆ. ನಾಲ್ಕೂ ಸುಳ್ಳು. ಕಣ್ಣಾರೆ ಕಂಡವಳು ನಾನು, ಅನಿತ. ನಾನು ಹೇಳುವಾಗ ಯಾರೂ ಮಧ್ಯೆ ಬಾಯಿ ಹಾಕಬೇಡಿ.

ನಮ್ಮದು ಮೂರು ಪವರ್‌ಲೂಮಿನ ಮನೆ. ಮಾವ ಕೋದಂಡರಾಮಯ್ಯನವರು ನೂಲಿಗೆ ಬಣ್ಣ ಹಾಕುತ್ತಾರೆ, ನನ್ನ ಗಂಡ ರಾಜೇಂದ್ರ ಸೀರೆ ನೇಯುತ್ತಾರೆ, ನಾನು ನೂಲನ್ನು ಕಂಡಿಕೆಗೆ ಸುತ್ತುತ್ತೇನೆ, ಅತ್ತೆ ಅಕ್ಕಯ್ಯಮ್ಮ ಮೂವರನ್ನೂ ಬೈಯುತ್ತಾರೆ. ಗಂಡನ ಹೆಸರು ಒಂದು ಸಲ ಹೇಳಿದ್ದಾಯಿತು, ಇನ್ನು ಮೇಲೆ ‘ಇವರು’. ಮಗ್ಗದ ಕೋಣೆಯ ಒಂದು ಮೂಲೆಯಲ್ಲಿ ಇವರ ಕಸರತ್ತಿನ ಕಬ್ಬಿಣವಿದೆ. ಒಂದು ಬೆಂಚು, ಎರಡು ರಾಡು, ಒಂದಷ್ಟು ತೂಕದ ಬಿಲ್ಲೆಗಳು. ಆ ಮೂಲೆಯ ಮೇಲೆ ಮಾವನಿಗೆ ಕಣ್ಣು. ನಾಲ್ಕನೇ ಮಗ್ಗ ಅಲ್ಲಿ ಸರಿಯಾಗಿ ಕೂರುತ್ತದೆ ಅಂತ ಟೇಪು ಹಿಡಿದು ಅಳೆದೂ ಆಗಿತ್ತು.

ನನಗೆ ಆ ಮೂಲೆ ಉಳಿಯಬೇಕಿತ್ತು. ಮದುವೆಯಾದ ಹೊಸದರಲ್ಲಿ ಇವರು ದಿನಕ್ಕೆ ಹತ್ತು ಮಾತಾಡುತ್ತಿದ್ದರು, ಅದರಲ್ಲಿ ಆರು ‘ಹೂಂ’. ಮಗ್ಗದ ಸದ್ದಿನಲ್ಲಿ ಬೆಳೆದವರು ಹಾಗೇನೇ ಅಂತ ಅತ್ತೆ ಸಮಾಧಾನ ಹೇಳಿದ್ದರು. ಕಬ್ಬಿಣ ಬಂದ ಮೇಲೆ ಈ ಮನುಷ್ಯ ನಗುತ್ತಾರೆ, ಹಾಡುತ್ತಾರೆ, ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುತ್ತಾರೆ. ಆ ಮೂಲೆ ಹೋದರೆ ಮತ್ತೆ ‘ಹೂಂ’ ಅನ್ನುವ ಗಂಡನೇ ಗತಿ ಅಂತ ನನಗೆ ನಿಜಕ್ಕೂ ಭಯವಾಗಿತ್ತು.

ಹಾಗಿರುವಾಗ ನೆಲಮಂಗಲದ ಹತ್ತಿರದ ಅರಿಶಿನಕುಂಟೆಯ ಒಂದು ಕಲ್ಯಾಣ ಮಂಟಪದಲ್ಲಿ ದೇಹದಾರ್ಢ್ಯ ಸ್ಪರ್ಧೆ ಅಂತ ಸುದ್ದಿ ಬಂತು. ಇಂಜೆಕ್ಷನ್ನು, ಮಾತ್ರೆ ಮುಟ್ಟದವರಿಗೆ ಮಾತ್ರ, ಮೂತ್ರ ಪರೀಕ್ಷೆಯೂ ಉಂಟು. ಇವರು ಹೆಸರು ಕೊಟ್ಟ ದಿನವೇ ಮಾವ ಷರತ್ತು ಹಾಕಿದರು.

“ಮೊದಲ ಮೂರರಲ್ಲಿ ಬಂದ್ರೆ ಮೂಲೆ ನಿಂದು. ಇಲ್ದಿದ್ರೆ ಸೋಮವಾರ ಅಲ್ಲಿ ಮಗ್ಗ ಕೂರುತ್ತೆ.”

“ಆಯ್ತಪ್ಪ,” ಎಂದರು ಇವರು.

ಅಲ್ಲಿಂದ ಹದಿನಾಲ್ಕು ವಾರ ನಮ್ಮ ಮನೆ ಹುಚ್ಚರ ಸಂತೆ. ಉಪ್ಪು ಕಮ್ಮಿ, ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ರೇಷ್ಮೆ ನೂಲು ತೂಗುವ ತಕ್ಕಡಿಯಲ್ಲಿ ಇವರ ಮುದ್ದೆ ತೂಗುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇವರಿಗೆ ಮೊಸರೂ ಇಲ್ಲ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲವಾದ್ದರಿಂದ ಮಗ್ಗದ ಕೋಣೆಯಲ್ಲೇ ಒಲೆ ಹೂಡಿ ದಿನಕ್ಕೆ ಹನ್ನೆರಡು ಬೇಯಿಸಿದೆ. ಬಿಳಿಯದು ಇವರಿಗೆ, ಹಳದಿಯದು ಬೀದಿನಾಯಿಗಳಿಗೆ. ತಿಂಗಳೊಳಗೆ ನಾಯಿಗಳ ಮೈ ಫಳಫಳ ಅನ್ನತೊಡಗಿತು. ಇವರ ಕೆನ್ನೆ ಮಾತ್ರ ಒಳಗೆ ಹೋಯಿತು.

“ನಾಯಿಗಳನ್ನೇ ಸ್ಪರ್ಧೆಗೆ ಕಳ್ಸೇ, ಗೆದ್ಕೊಂಡ್ ಬರ್ತವೆ,” ಎಂದರು ಅತ್ತೆ.

ವೇದಿಕೆ ಹತ್ತುವವರು ಮೈಗೆಲ್ಲ ಕಂದು ಬಣ್ಣ ಬಳಿದುಕೊಳ್ಳಬೇಕು. ಇಲ್ಲದಿದ್ದರೆ ದೀಪದ ಬೆಳಕಿಗೆ ಮೈಯೆಲ್ಲ ಬಿಳಿಚಿ, ಮಾಂಸಖಂಡದ ಗೆರೆಗಳೇ ಕಾಣುವುದಿಲ್ಲ. ಅದಕ್ಕೆಂದು ತರಿಸಿದ್ದ ಬಾಟಲಿಯನ್ನು ಇವರು ಶೆಲ್ಫಿನ ಮೇಲೆ ಇಟ್ಟಿದ್ದರು. ಮಗ್ಗ ಓಡುವ ಮನೆಯಲ್ಲಿ ಶೆಲ್ಫಿನ ಮೇಲೆ ಇಟ್ಟದ್ದೆಲ್ಲ ಮೆಲ್ಲಗೆ ನಡೆಯುತ್ತದೆ. ಲೋಟ, ಬಾಚಣಿಗೆ, ದೇವರ ಪಟ ಎಲ್ಲವೂ. ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆ ಬಾಟಲಿಯೂ ಅಂಚಿನವರೆಗೆ ನಡೆದು ಬಿದ್ದು ಚೂರಾಯಿತು.

ಇವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಹದಿನಾಲ್ಕು ವಾರ ಈ ಕಡೆ ತಿರುಗಿಯೂ ನೋಡದಿದ್ದ ಮಾವ ಆಗ ಎದ್ದು ಬಂದರು. ನೆಲದ ಮೇಲಿನದನ್ನು ಬೆರಳಿಂದ ತೆಗೆದು, ಉಜ್ಜಿ, ಮೂಸಿ ನೋಡಿದರು.

“ಇದೂ ಒಂದು ಬಣ್ಣಾನಾ? ಒಂದು ಒಗೆತಕ್ಕೆ ಹೋಗುತ್ತೆ. ಎದ್ದೇಳೋ. ನಾನು ಹಾಕ್ತೀನಿ.”

“ಅಪ್ಪ, ಅದು ರೇಷ್ಮೆಗೆ ಹಾಕೋದು.”

“ನಲವತ್ತು ವರ್ಷದಿಂದ ಇವೆರಡು ಕೈ ಅದರಲ್ಲೇ ಅದ್ದಿದೀನಿ. ಏನಾಗಿದೆ?”

ಏನೂ ಆಗಿಲ್ಲ. ಆದರೆ ಮಾವನ ಕೈಯ ನಿಜವಾದ ಬಣ್ಣ ಯಾವುದು ಅಂತ ಅತ್ತೆಗೂ ಗೊತ್ತಿಲ್ಲ.

ಮೂರು ಡಬ್ಬಿಗಳ ಪುಡಿ ಬೆರೆಸಿದರು, ಬಿಸಿನೀರು ಬಿಟ್ಟರು, ಬಣ್ಣ ಕಚ್ಚಿಕೊಳ್ಳಲಿ ಅಂತ ಒಂದಿಷ್ಟು ವಿನಿಗರ್ ಹೊಯ್ದರು. ಚಡ್ಡಿಯಲ್ಲಿ ನಿಂತ ಮಗನಿಗೆ ಕತ್ತಿನಿಂದ ಕೆಳಗೆ ಬಟ್ಟೆ ಅದ್ದಿ ಅದ್ದಿ ಬಳಿದರು. ಮುಖ ಮುಟ್ಟಬೇಡಿ, ದೇವರ ಮುಂದೆ ನಿಲ್ಲೋ ಮುಖ ಅಂತ ಅತ್ತೆ ಅಡ್ಡ ಬಂದರು. ಟ್ಯೂಬ್‌ಲೈಟಿನ ಕೆಳಗೆ ಇವರು ಆಗತಾನೇ ಹುರಿದ ಕಾಫಿಬೀಜದ ಹಾಗೆ ಕಂಡರು. ನನಗಂತೂ ಕಣ್ಣು ಕೀಳಲಾಗಲಿಲ್ಲ.

“ಬಿಸಿಲಿಗೆ ಬಾ, ನೋಡೋಣ,” ಎಂದರು ಮಾವ. ನಮ್ಮಲ್ಲಿ ಯಾವ ಬಣ್ಣವನ್ನೂ ಬಿಸಿಲಿಗೆ ಹಿಡಿಯದೆ ಒಪ್ಪುವುದಿಲ್ಲ. ಟ್ಯೂಬ್‌ಲೈಟ್ ಸುಳ್ಳು ಹೇಳುತ್ತದೆ ಅನ್ನುವುದು ಮಾವನದೇ ಮಾತು.

ಇವರು ಬಾಗಿಲ ಸಂದಿಯಿಂದ ಇಣುಕಿದರು. ಎದುರು ಜಗಲಿಯ ಮೇಲೆ ಮುನಿಗಂಗಮ್ಮ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು.

“ಚಡ್ಡೀಲಿ ಬೀದಿಗೆ ಬರಲ್ಲಪ್ಪ. ಮುನಿಗಂಗಮ್ಮೋರು ಅವ್ರೆ.”

“ನಾಳೆ ಅಷ್ಟು ಜನರ ಮುಂದೆ ಇದೇ ಚಡ್ಡೀಲಿ ತಾನೆ ನಿಲ್ಲೋದು?”

“ಅವರ್ಯಾರೂ ಎದುರುಮನೆಯೋರಲ್ವಲ್ಲ.”

ಮಾವ ಗೊಣಗಿದರು, ಬಿಟ್ಟರು.

ಭಾನುವಾರ ನಸುಕಿನಲ್ಲೇ ಇವರು ತುಂಬುತೋಳಿನ ಅಂಗಿ ತೊಟ್ಟು, ಬಣ್ಣ ಮಾಸದಿರಲಿ ಅಂತ ಕೈಗೆ ಬಟ್ಟೆ ಸುತ್ತಿಕೊಂಡರು, ನಾವು ಮೂವರು ನೆಲಮಂಗಲದ ಬಸ್ಸು ಹತ್ತಿದೆವು. ಮಗನನ್ನು ನೋಡಲಿಕ್ಕಲ್ಲ, ಬಣ್ಣ ನೋಡಲಿಕ್ಕೆ ಬಂದಿದ್ದೀನಿ ಅಂತ ಮಾವ ದಾರಿಯಲ್ಲಿ ಎರಡು ಸಲ ಹೇಳಿದರು. ಮಂಟಪದ ಊಟದ ಹಾಲಿನಲ್ಲಿ ಎಲ್ಲರೂ ಅಂಗಿ ಬಿಚ್ಚಿ ತಯಾರಾಗುತ್ತಿದ್ದರು. ಅಲ್ಲೂ ಟ್ಯೂಬ್‌ಲೈಟೇ. ತೀರ್ಪುಗಾರ ಭಾನುಪ್ರಕಾಶ್ ಬಿಳಿ ಬಟ್ಟೆ ಹಿಡಿದು ಒಬ್ಬೊಬ್ಬರ ಬೆನ್ನು ಉಜ್ಜಿ ನೋಡುತ್ತ ಬಂದರು, ಬಣ್ಣ ಸೋರಿದರೆ ತಪ್ಪು. ನಾಲ್ವರ ಬಣ್ಣ ಬಟ್ಟೆಗೆ ಇಳಿಯಿತು. ಇವರದು ಎಷ್ಟು ಉಜ್ಜಿದರೂ ಇಳಿಯಲಿಲ್ಲ.

“ಯಾವ ಕಂಪನಿ ಬಣ್ಣ ಸಾರ್?” ಅಂತ ಕೇಳಿದರು.

“ಮನೇದು,” ಎಂದರು ಮಾವ. ಎದೆ ಎರಡು ಇಂಚು ಮುಂದೆ ಬಂತು.

ಒಂಬತ್ತು ಜನ ವೇದಿಕೆ ಹತ್ತಿದರು. ದೊಡ್ಡ ಬಿಳಿ ದೀಪಗಳು ಹೊತ್ತಿಕೊಂಡವು. ಎಂಟು ಜನ ಕಂದು ಬಣ್ಣದಲ್ಲಿದ್ದರು. ನನ್ನ ಗಂಡ ಕತ್ತಿನ ಮೇಲೆ ಮನುಷ್ಯ, ಕತ್ತಿನ ಕೆಳಗೆ ಬದನೆಕಾಯಿ. ಮಾಸಲು ಗೀಸಲು ಅಲ್ಲ, ಸಂತೆಯಲ್ಲಿ ಮೇಲ್ಗಡೆ ಜೋಡಿಸಿಡುವ ಮಿರಿಮಿರಿ ಗುಂಡು ಬದನೆಕಾಯಿ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಹಿಂದಿನ ಸಾಲಿನಿಂದ ಯಾರೋ “ಗುರು, ಎಣ್ಣೆಗಾಯಿ ಮಾಡೋದು ಯಾವಾಗ?” ಅಂತ ಕೂಗಿದ. ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು.

ಇವರು ತಮ್ಮ ತೋಳು ನೋಡಿಕೊಂಡರು. ಆಮೇಲೆ ತೊಡೆ ನೋಡಿಕೊಂಡರು. ಅಳುತ್ತಾರೆ ಅಂದುಕೊಂಡೆ. ನಕ್ಕರು. ಹದಿನಾಲ್ಕು ವಾರ ಎಣ್ಣೆ ಕಾಣದ ಹೊಟ್ಟೆ ಅದು, ನಗು ಬಂದಾಗಲೆಲ್ಲ ಆರು ಗಂಟುಗಳು ಒಂದೊಂದಾಗಿ ಎದ್ದು ನಿಂತವು. ನಗುತ್ತಲೇ ಬೆನ್ನು ತಿರುಗಿಸಿದರು, ನಗುತ್ತಲೇ ತೋಳು ಮಡಚಿದರು. ಜನ ಶಿಳ್ಳೆ ಹೊಡೆದರು. ನಾನು ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದೆ. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಮಾವ ಮಾತ್ರ ಮುಖವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದರು.

ಫಲಿತಾಂಶ: ನಾಲ್ಕನೇ ಸ್ಥಾನ.

ಭಾನುಪ್ರಕಾಶ್ ಕೆಳಗಿಳಿದು ಬಂದು ಹೇಳಿದರು. “ಬಾಡಿ ಮೂರನೇ ಸ್ಥಾನದ್ದೇ ಸಾರ್. ಬಣ್ಣಕ್ಕೆ ಮಾರ್ಕ್ ಹೋಯ್ತು.”

ವಾಪಸು ಬಸ್ಸಿನಲ್ಲಿ ಇವರು ಹದಿನಾಲ್ಕು ವಾರದ ಮೇಲೆ ಮೊದಲ ಮಸಾಲೆದೋಸೆ ತಿಂದ ಸುಖದಲ್ಲಿದ್ದರು. ಅದು ಇಳಿಯುತ್ತಿದ್ದಂತೆ ಮೂಲೆಯ ನೆನಪಾಗಿ ಕಿಟಕಿಯ ಕಡೆ ತಿರುಗಿದರು. “ನಾಳೆ ಬೆಳಿಗ್ಗೆ ಕಬ್ಬಿಣ ತೆಗೀತೀನಪ್ಪ,” ಎಂದರು. ಮಾವ “ಹೂಂ” ಎಂದರು. ಆ ಹೂಂ ಕೇಳಿ ನನಗೆ ರೇಗಿಹೋಯಿತು.

“ಮಾವ, ನಮ್ಮ ಕಸುಬಿನಲ್ಲಿ ಬಣ್ಣ ಕೆಟ್ರೆ ನೇಯ್ದವನ ಕೂಲಿ ಹಿಡೀತಾರಾ?”

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಹೇಳಿ ಮಾವ.”

“ಇಲ್ಲ. ಬಣ್ಣದ ತಪ್ಪು ಬಣ್ಣ ಹಾಕ್ದೋನ್ದು.”

“ಮತ್ತೆ ಇದ್ಯಾವ ನ್ಯಾಯ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ.”

“ಬಿಸಿಲಿಗೆ ಬಾ ಅಂದೆ ಕಣಮ್ಮ. ಅವನೇ ಬರ್ಲಿಲ್ಲ.”

“ನೂಲು ತಾನಾಗೇ ಬಿಸಿಲಿಗೆ ನಡ್ಕೊಂಡ್ ಬರುತ್ತಾ ಮಾವ? ಬಣ್ಣ ಹಾಕ್ದೋರು ತಗೊಂಡ್ ಹೋಗ್ಬೇಕು.”

ಮುಂದಿನ ಸೀಟಿನವರು ತಿರುಗಿ ನೋಡಿದರು. ಸೊಸೆ ಹೀಗೆ ಮಾತಾಡಬಾರದು ಅಂತ ನನಗೂ ಗೊತ್ತು. ಮಾವ ಊರು ಬರುವವರೆಗೆ ತಮ್ಮ ಎರಡು ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಸೋಮವಾರ ಬೆಳಿಗ್ಗೆ ಇವರು ಮೊದಲ ಬಿಲ್ಲೆ ಎತ್ತುತ್ತಿದ್ದಾಗ ಮಾವ ಮಗ್ಗದ ಕೋಣೆಗೆ ಬಂದರು. “ಅದು ಅಲ್ಲೇ ಇರ್ಲಿ. ಅಂಗಿ, ಪಂಚೆ ಬಿಚ್ಚು,” ಎಂದು ಇವರ ತೋಳು ಹಿಡಿದು ಬೀದಿಗೇ ಎಳೆದುಕೊಂಡು ಹೋದರು. ಎಳೆಬಿಸಿಲು ಬಿದ್ದಿತ್ತು. ಮುನಿಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

“ಕೋದಂಡಣ್ಣ, ಇದೇ ಬಣ್ಣದ್ದು ನನಗೊಂದು ಸೀರೆ ನೇಯ್ಸ್ಕೊಡಿ,” ಎಂದರು.

ಮಾವ ಕೇಳಿಸಿಕೊಳ್ಳಲಿಲ್ಲ. ನೂಲಿನ ಲಡಿ ನೋಡುವ ಹಾಗೆ ಇವರನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಭುಜ ಒತ್ತಿ ನೋಡಿದರು, ಬೆನ್ನಿನ ಮೇಲೆ ಕೈಯಾಡಿಸಿದರು. ಬಳಿಯುವಾಗ ಬಣ್ಣ ನೋಡಿದ್ದರೇ ಹೊರತು, ಆ ಬೆನ್ನನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

“ಬಣ್ಣ ಕೆಟ್ಟಿದೆ,” ಎಂದರು. ಭುಜ ಇನ್ನೊಂದು ಸಲ ಒತ್ತಿ, “ನೇಯ್ಗೆ ಚೆನ್ನಾಗಿದೆ ಕಣೋ,” ಎಂದು ಒಳಗೆ ಹೋದರು.

ಇವರು ಚಡ್ಡಿಯಲ್ಲೇ ನಡುಬೀದಿಯಲ್ಲಿ ನಿಂತಿದ್ದರು. ನಾನು ಕರೆದರೂ ಬಹಳ ಹೊತ್ತು ಒಳಗೆ ಬರಲಿಲ್ಲ.