ಜಗಲಿಯ ತಟ್ಟೆ

ಸರಸಮ್ಮನ ಬಾಯಿಗೆ ಬೀಗವಿಲ್ಲ ಎಂಬುದು ಬೈರಮಂಗಲಕ್ಕೆಲ್ಲ ಗೊತ್ತು. ಸೊಸೆ ಭಾನುಪ್ರಿಯ ಕೆಮ್ಮತೊಡಗಿದ ದಿನದಿಂದ ಆ ಬಾಯಿಗೆ ಹಬ್ಬವೇ ಆಯಿತು.

"ಟೀಬಿ ಮುಚ್ಚಿಟ್ಟು ನಮ್ ತಲೆಗೆ ಕಟ್ಟವ್ರೆ. ಬೈರಾಪಟ್ಟಣಕ್ಕೆ, ಅವ್ರಪ್ಪನ ಮನೆಗೆ ಅಟ್ಟು ಇವಳ್ನ" ಎಂದು ಮಗ ಬಾಲರಾಜುವಿಗೆ ದಿನಾ ಚುಚ್ಚುತ್ತಿದ್ದಳು. ಸೊಸೆಯ ತಟ್ಟೆ, ಲೋಟ ಜಗಲಿಗೆ ಬಂದವು. ನಾಯಿ ಕರಿಯನ ಪಕ್ಕದಲ್ಲೇ ಅವಳ ಊಟ.

ಎಂಟು ವರ್ಷ ದುಡಿದ ಮನೆ. ತವರಿಗೆ ಹೋದರೆ ಆರು ವರ್ಷದ ಮಗಳನ್ನು ಕಳಿಸುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿದ್ದಳು. ಅದಕ್ಕೇ ಭಾನುಪ್ರಿಯ ಹಲ್ಲು ಕಚ್ಚಿಕೊಂಡು ಉಳಿದಳು.

ಹಿಂದೆಲ್ಲ ಮಾವ ಬೋರಲಿಂಗಯ್ಯ ಹಬ್ಬಕ್ಕೊಮ್ಮೆ ಕುರಿ ಕೊಯ್ದು, ಮಾಂಸವನ್ನು ಪಾಲು ಹಾಕಿ ಹತ್ತು ಮನೆಗೆ ಗುಡ್ಡೆ ಬಾಡು ಹಂಚುತ್ತಿದ್ದ. ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಶಿಫ್ಟಿನವರೂ ಗುಡ್ಡೆ ಕೇಳತೊಡಗಿದರು. ಭಾನುವಾರ ಬಂತೆಂದರೆ ಹಿತ್ತಲಲ್ಲಿ ಕುರಿ. ಕುರಿಯ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ನೀರುಗುಳ್ಳೆ ಕಂಡರೆ ಆ ತುಂಡು ಕರಿಯನಿಗೆ. ಎಸೆಯುವವಳು ಸರಸಮ್ಮ. ಕರಿಯನ ಮೈ ಸವರಿದ ಕೈಯಲ್ಲೇ ಮನೆಮಂದಿಗೆಲ್ಲ ಸೌತೆಕಾಯಿ ಹೆಚ್ಚಿಕೊಡುವವಳೂ ಆ ಮಹಾತಾಯಿಯೇ.

ಒಂದು ಬೆಳಿಗ್ಗೆ ಬಿಂದಿಗೆ ಎತ್ತುವಾಗ ಭಾನುಪ್ರಿಯಳ ಎದೆಯೊಳಗೆ ಏನೋ ಕಿತ್ತುಬಂದಂತಾಯಿತು. ಉಸಿರು ಸಿಕ್ಕಲಿಲ್ಲ, ಮೈಯೆಲ್ಲ ದದ್ದು ಎದ್ದಿತು.

"ನಾಟ್ಕ ಕಣ್ಲಾ" ಎಂದಳು ಸರಸಮ್ಮ.

ಬಾಲರಾಜುವಿಗೆ ಆ ಹೊತ್ತಿಗಾದರೂ ಬುದ್ಧಿ ಬಂತು. ಹೆಂಡತಿಯನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ.

ಪಕ್ಕೆಗೆ ಪೈಪು ಹಾಕಿ ನೀರು, ಗಾಳಿ ತೆಗೆದು, ಆಪರೇಷನ್ನೂ ಮಾಡಿದ ಡಾಕ್ಟರು ಮನೆಯವರನ್ನು ಕರೆದು ಕೂರಿಸಿದರು. ಇದು ಟೀಬಿ ಅಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಬೆಳೆದ ನೀರುಗುಳ್ಳೆ ಪಕ್ಕೆಯೊಳಕ್ಕೆ ಒಡೆದಿದೆ. ಕುರಿಯ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನಿಂದ ಮೈಗೆ, ಮೈಯಿಂದ ನಿಮ್ಮ ಕೈಗೆ, ಬಾಯಿಗೆ. ಎಲ್ಲರೂ ಸ್ಕ್ಯಾನ್ ಮಾಡಿಸಿ ಎಂದರು.

"ನಂಗೇನಾಗೈತೆ, ಗುಂಡುಕಲ್ಲಿದ್ದಂಗಿವ್ನಿ" ಎಂದು ಗೊಣಗುತ್ತಲೇ ಸರಸಮ್ಮ ಸ್ಕ್ಯಾನಿಗೆ ಮಲಗಿದಳು. ಅವಳ ಈಲಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಕಂಡಿತು.

ಮನೆಗೆ ಬಂದ ದಿನ ಭಾನುಪ್ರಿಯ ಜಗಲಿಯಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಹೋಗಿ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಊಟಕ್ಕೆ ಕುಳಿತಳು. ಅತ್ತೆಯೂ ಸದ್ದಿಲ್ಲದೆ ಬಂದು ಕೂರಲು ಬಗ್ಗಿದಾಗ ಭಾನುಪ್ರಿಯ ತಲೆ ಎತ್ತಿದಳು. ಎಂಟು ವರ್ಷದ ಸಿಟ್ಟಿದ್ದರೂ ದನಿ ಏರಲಿಲ್ಲ.

"ಅಂಟಲ್ಲ ಅಂತ ಡಾಕ್ಟ್ರು ಹೇಳವ್ರೆ, ಕೂತ್ಕಳಿ ಅತ್ತೆ. ನಂಬಿಕೆ ಇಲ್ದಿದ್ರೆ ತಟ್ಟೆ ಜಗಲಿ ಮೇಲೇ ಐತೆ."

ಬಗ್ಗಿದ್ದ ಸರಸಮ್ಮ ಬಾಗಿಲಾಚೆ ನೋಡಿದಳು. ಕರಿಯ ಆ ತಟ್ಟೆಯನ್ನು ನೆಕ್ಕುತ್ತಿದ್ದ.